ಸರ್ವೇದವರು, ಆಶಾಕ್ಕ ಮತ್ತು ‘ಒಲ್ಲೆ’ ಎಂಬ ಮಾತು

ಕೊಪ್ಪಳ, ರಾಯಚೂರು ಕಡೆಯ ಊರಿಗೆ ಫೈಲು, ಟ್ಯಾಬ್ ಹಿಡಿದು ಇಬ್ಬರು ಬಂದಿಳಿದರೆ ಅವರಿಗಿರುವುದು ಒಂದೇ ಹೆಸರು: ಸರ್ವೇದವರು. ಜನಗಣತಿಯವರು, ಬೆಳೆಹಾನಿ ಬರೆದುಕೊಳ್ಳುವವರು, ರೇಷನ್ ಕಾರ್ಡ್ ಪರಿಶೀಲನೆಗೆ ಬಂದವರು, ಮೆಡಿಕಲ್ ಕಾಲೇಜಿನ ಸಂಶೋಧಕರು, ಎಲ್ಲರೂ ಸರ್ವೇದವರೇ. ಅವರಿಗೆ ಎದುರಾಗುವ ಮೊದಲ ಪ್ರಶ್ನೆಯೂ ಒಂದೇ: “ಏನ್ರೀ, ಮನಿ ಬರ್ತಾವೇನು?” ಎರಡನೆಯದು ತುಸು ತಗ್ಗಿದ ದನಿಯಲ್ಲಿ ಬರುತ್ತದೆ: “ಕಾರ್ಡ್ ಕಟ್ ಆಗಂಗಿಲ್ಲ, ಹೌದಲ್ರಿ?”

ಈ ಎರಡಕ್ಕೆ ಉತ್ತರ ಕೊಡದೆ ಪ್ರಶ್ನಾವಳಿ ಬಿಚ್ಚಿದರೆ ಸಂಶೋಧನೆ ಅಲ್ಲೇ ಅರ್ಧ ಕೆಟ್ಟಿತು. ಮನೆ ಮಂಜೂರಾಗಬಹುದು ಅಂದುಕೊಂಡವರು ಕಾಯಿಲೆಯನ್ನು ಹಿಗ್ಗಿಸಿ ಹೇಳುತ್ತಾರೆ. ಬಿಪಿಎಲ್ ಕಾರ್ಡ್ ಹೋಗಬಹುದು ಅಂದುಕೊಂಡವರು ಬೈಕು, ಫ್ರಿಜ್ಜು, ಎರಡೆಕರೆ ನೀರಾವರಿ ಎಲ್ಲವನ್ನೂ ಬಚ್ಚಿಡುತ್ತಾರೆ. ಆಮೇಲೆ ಬಡತನಕ್ಕೂ ರಕ್ತಹೀನತೆಗೂ ಇರುವ ನಂಟು ಲೆಕ್ಕ ಹಾಕಲು ಕೂತರೆ ಊರಲ್ಲಿ ಎಲ್ಲರೂ ಒಂದೇ ಸಮ ಬಡವರಾಗಿ ಕಾಣುತ್ತಾರೆ. ಕ್ಲಿನಿಕಲ್ ಟ್ರಯಲ್‌ಗಳಲ್ಲಿ ಇದರ ಅಣ್ಣನಿಗೊಂದು ಹೆಸರಿದೆ, ‘ಚಿಕಿತ್ಸೆಯ ಭ್ರಮೆ’: ಸಂಶೋಧನೆಗೆ ಸೇರಿದವರು ಅದನ್ನು ತಮಗಾಗಿಯೇ ಕೊಡುತ್ತಿರುವ ಚಿಕಿತ್ಸೆ ಅಂದುಕೊಳ್ಳುವುದು. ನಮ್ಮ ಕಡೆ ಇರುವುದು ಸ್ಕೀಮಿನ ಭ್ರಮೆ. ಮದ್ದು ಮೊದಲ ಎರಡು ನಿಮಿಷದಲ್ಲೇ ಇದೆ: “ಇದು ಸ್ಕೀಮ್ ಅಲ್ರೀ. ಮನಿ ಬರಂಗಿಲ್ಲ, ರೊಕ್ಕ ಬರಂಗಿಲ್ಲ. ಕಾರ್ಡಿಗೂ ಇದಕ್ಕೂ ಸಂಬಂಧ ಇಲ್ಲ. ನಿಮ್ಮ ಹೆಸರು ಪಂಚಾಯ್ತಿಗೂ ಕೊಡಂಗಿಲ್ಲ, ತಹಶೀಲ್ ಆಫೀಸಿಗೂ ಕೊಡಂಗಿಲ್ಲ.” ಇಷ್ಟು ಹೇಳಿದ ಮೇಲೂ “ಬರ್ರಿ, ಕುಂದರ್ರಿ” ಅಂದರೆ ಒಳಗೆ ಹೋಗಬಹುದು.

‘ಸಮುದಾಯ ಸಹಭಾಗಿತ್ವದ ಆರೋಗ್ಯ ಸಂಶೋಧನೆ’ ಎಂಬ ಉದ್ದನೆಯ ಹೆಸರು ಈಗ ಬಹಳಷ್ಟು ಪ್ರಪೋಸಲ್‌ಗಳಲ್ಲಿ ಇರುತ್ತದೆ. ಸಹಭಾಗಿ, ಪಾಲುದಾರ, ಸಲಹಾ ಮಂಡಳಿ, ಸಹ-ಸಂಶೋಧಕ, ಪದಗಳಿಗೆ ಬರವಿಲ್ಲ. ಯಾವುದು ನಿಜ, ಯಾವುದು ಅಲಂಕಾರ ಅಂತ ಕಂಡುಹಿಡಿಯಲು ಒಂದೇ ಒರೆಗಲ್ಲು ಸಾಕು. ಈ ಹೆಸರು ಹೊತ್ತವರು ಯಾವ ವಿಷಯಕ್ಕೆ ‘ಒಲ್ಲೆ’ ಅನ್ನಬಹುದು? ಹಾಗೆ ಅಂದರೆ ಮುಂದೇನಾಗುತ್ತದೆ? ಉತ್ತರ ಪ್ರೋಟೋಕಾಲ್‌ನಲ್ಲಿ, ಅಂದರೆ ಅಧ್ಯಯನ ಹೇಗೆ ನಡೆಯಬೇಕೆಂಬ ಬರಹದಲ್ಲಿ, ಇದ್ದರೆ ಅದು ಪಾತ್ರ. ಬರೆದಿಲ್ಲವಾದರೆ ಬರೀ ಬಿರುದು.

ಕುಷ್ಟಗಿ ತಾಲ್ಲೂಕಿನ ಒಂದು ಊರಲ್ಲಿ ಕೊಳವೆಬಾವಿಯ ಫ್ಲೋರೈಡ್ ಮತ್ತು ಮಂಡಿನೋವಿನ ಅಧ್ಯಯನ ಅಂತಿಟ್ಟುಕೊಳ್ಳಿ. (ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ.) “ನಾಳೆ ನೀರು ಹಿಡಿಯಾಕ ಬರ್ತೀವಿ” ಅಂತ ಡಂಗುರ ಹೊಡೆಸಿದರೆ ಅದು ತಿಳಿಸುವುದು, ಅಷ್ಟೇ. ಯಾವ ಬೋರ್ ನೀರು ಕುಡಿಯುತ್ತೀರಿ ಅಂತ ಕೇಳಿ ಬರೆದುಕೊಂಡು, ಸ್ಯಾಂಪಲ್ ಎಲ್ಲಿ ಹಿಡಿಯಬೇಕೆಂಬುದನ್ನು ಮಾತ್ರ ಬೆಂಗಳೂರಿನಲ್ಲೇ ಗೊತ್ತುಮಾಡಿದ್ದರೆ ಅದು ಸಮಾಲೋಚನೆ. ನೀರು ಹೊರುವ ಹೆಂಗಸರು “ಊರಾಗಿನ ಬೋರ್ ನೀರು ರಾತ್ರಿ ಅಷ್ಟ ರೀ, ಹಗಲೆಲ್ಲ ಕುಡಿಯೋದು ಹೊಲದ ಬೋರಿಂದು” ಅಂದ ಮೇಲೆ ಪಟ್ಟಿಗೆ ಹೊಲದ ಬೋರುಗಳೂ ಸೇರಿದರೆ ಅದನ್ನು ಸಹಭಾಗಿತ್ವ ಅನ್ನಬಹುದು. ಯಾವ ಬೋರ್ ಮೊದಲು, ಫಲಿತಾಂಶ ಮೊದಲು ಯಾರಿಗೆ ಎಂಬುದನ್ನು ಆ ಹೆಂಗಸರ ಸಂಘವೇ ನಿರ್ಧರಿಸಿ, ಹಣದ ಒಂದು ಪಾಲು ಸಂಘದ ಖಾತೆಗೇ ಬಂದರೆ ಅದು ಸಮುದಾಯವೇ ನಡೆಸುವ ಸಂಶೋಧನೆ. ಅಮೆರಿಕದ ನಗರ ಯೋಜನೆಗಳನ್ನು ನೋಡಿದ್ದ ಶೆರಿ ಆರ್ನ್‌ಸ್ಟೀನ್ 1969ರಲ್ಲಿ ಇದನ್ನೇ ಎಂಟು ಮೆಟ್ಟಿಲಿನ ಏಣಿಯಾಗಿ ಹೇಳಿದ್ದರು. ಎಂಟೂ ನೆನಪಿಡಬೇಕಿಲ್ಲ. ಬಜೆಟ್ ಹಾಳೆ ತೆರೆದು ನೋಡಿ. ಸಮುದಾಯದ ಹೆಸರಲ್ಲಿರುವ ಒಂದೇ ಸಾಲು ‘ಸಭೆಗೆ ಚಹಾ, ಬಿಸ್ಕತ್ತು’ ಆಗಿದ್ದರೆ ಯಾವ ಮೆಟ್ಟಿಲು ಅಂತ ಬೇರೆ ಹೇಳಬೇಕಿಲ್ಲ. ಎಲ್ಲ ಅಧ್ಯಯನವೂ ಮೇಲಿನ ಮೆಟ್ಟಿಲಲ್ಲೇ ಇರಬೇಕು ಅಂತಲೂ ಅಲ್ಲ. ಸಮಾಲೋಚನೆ ಮಾಡುವವರು ಸಮಾಲೋಚನೆ ಅಂತಲೇ ಬರೆದರೆ ತಕರಾರಿಲ್ಲ.

ಇನ್ನು ‘ಸಮುದಾಯ’ ಅಂದರೆ ಯಾರು? ಊರೇ ಸಮುದಾಯ ಅಂತ ಬರೆದು ಮುಗಿಸುವವರು ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಸಭೆ ಕರೆಯುತ್ತಾರೆ. ಅಲ್ಲಿಗೆ ಕೇರಿಯವರು ಬಂದರೂ ಕೆಳಗೆ ನಿಲ್ಲುತ್ತಾರೆ, ಹೆಂಗಸರು ಬರುವುದೇ ಇಲ್ಲ, ಎರಡು ಕಿಲೋಮೀಟರ್ ಆಚೆಯ ತಾಂಡಾಕ್ಕೆ ಸುದ್ದಿಯೇ ಮುಟ್ಟಿರುವುದಿಲ್ಲ. ಸಿಂಧನೂರು, ಗಂಗಾವತಿ ಕಡೆ ಹೋದರೆ ಇನ್ನೊಂದು ಪದರ ಇದೆ: ಕಾಲುವೆ ನೀರಿನ ಜೊತೆ ಬಂದು ನೆಲೆಸಿದ ತೆಲುಗು ಮಾತಾಡುವವರ ಕ್ಯಾಂಪ್‌ಗಳು. ಕಂದಾಯ ದಾಖಲೆಯಲ್ಲಿ ಕ್ಯಾಂಪೂ ಊರೂ ಒಂದೇ ಆಗಿರಬಹುದು. ಕುಡಿಯುವ ನೀರು, ಆಸ್ಪತ್ರೆ, ಮಾತು ಬೇರೆ. ಹಾಗಾಗಿ ಮೊದಲ ದಿನದ ಕೆಲಸ ಸಭೆ ಕರೆಯುವುದಲ್ಲ, ನಡೆಯುವುದು. ಊರು, ಕೇರಿ, ತಾಂಡಾ, ಕ್ಯಾಂಪ್, ಊರಾಚೆಯ ಗುಡಿಸಲುಗಳನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿ ಒಂದು ಕೈನಕ್ಷೆ ಬರೆದು, ಪ್ರತಿ ಗುಂಪಿಗೂ ಅವರದೇ ಜಾಗದಲ್ಲಿ ಬೇರೆ ಸಭೆ ಇಡಬೇಕು. ಹೊತ್ತೂ ಮುಖ್ಯ. ಕಳೆ ತೆಗೆಯುವ ದಿನಗಳಲ್ಲಿ ಹೆಂಗಸರು ಬುತ್ತಿ ಕಟ್ಟಿಕೊಂಡು ಬೆಳಿಗ್ಗೆಯೇ ಹೊರಟರೆ ಹೊತ್ತು ಮುಳುಗುವಾಗ ಮರಳುತ್ತಾರೆ, ಬಂದ ಕೂಡಲೇ ರೊಟ್ಟಿ ಬಡಿಯಲು ಕೂರುತ್ತಾರೆ. ಆಗ ಎದುರು ಕೂತು ನಲವತ್ತು ಪ್ರಶ್ನೆ ಕೇಳಿದರೆ ಕೊನೆಯ ಇಪ್ಪತ್ತಕ್ಕೆ ಉತ್ತರ ‘ಇಲ್ಲ’ ಅಂತಲೇ ಬರುತ್ತದೆ. ‘ಹೌದು’ ಅಂದರೆ ಇನ್ನೂ ಮೂರು ಉಪಪ್ರಶ್ನೆ ಇವೆ ಅಂತ ಅಷ್ಟರಲ್ಲಿ ಅವರಿಗೆ ಗೊತ್ತಾಗಿರುತ್ತದೆ.

ಪಂಚಾಯ್ತಿ ಅಧ್ಯಕ್ಷರು, ಪಿಡಿಒ, ತಾಂಡಾದ ನಾಯಕ, ಸಂಡೂರು ಕಡೆಯ ಗಣಿಯಾದರೆ ಕಂಟ್ರಾಕ್ಟರ್, ಇವರನ್ನು ಸಂಶೋಧನೆಯ ಭಾಷೆಯಲ್ಲಿ ‘ಗೇಟ್‌ಕೀಪರ್’ ಅನ್ನುತ್ತಾರೆ. ಬಾಗಿಲು ಕಾಯುವವರು. ಅವರು ಕೊಡುವುದು ಅನುಮತಿ, ಒಪ್ಪಿಗೆ ಅಲ್ಲ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿ ಈ ಗೆರೆಯನ್ನು ಸ್ಪಷ್ಟವಾಗಿ ಎಳೆದಿದೆ: ಸಮುದಾಯದ ಹಿರಿಯರ ಅನುಮತಿ ಬೇಕಾಗಬಹುದು, ಆದರೆ ಅದು ಒಬ್ಬೊಬ್ಬರ ಒಪ್ಪಿಗೆಯ ಜಾಗ ತುಂಬುವುದಿಲ್ಲ. ಗೇಟ್‌ಕೀಪರ್ ‘ಒಲ್ಲೆ’ ಅಂದರೆ ಊರಿಗೆ ಕಾಲಿಡುವಂತಿಲ್ಲ. ‘ಹೂಂ’ ಅಂದರೆ ಯಾರ ಬೆರಳಿಗೂ ಸೂಜಿ ಚುಚ್ಚುವ ಹಕ್ಕು ಬಂದಂತಲ್ಲ. ಗಣಿ ಕಾರ್ಮಿಕರ ಶ್ವಾಸಕೋಶದ ಅಧ್ಯಯನದಲ್ಲಿ ಕಂಟ್ರಾಕ್ಟರ್ ಮುಂದೆ ನಿಂತು ಒಬ್ಬೊಬ್ಬರನ್ನೇ ಕರೆದು ಕಳಿಸುತ್ತಿದ್ದರೆ ಅಲ್ಲಿ ಒಪ್ಪಿಗೆ ಎಂಬುದೇ ಇಲ್ಲ. ಅಲ್ಲಿ ಇರುವುದು ಹಾಜರಿ. ಮನೆಯೊಳಗೂ ಗೇಟ್‌ಕೀಪರ್ ಇರುತ್ತಾರೆ. ಅತ್ತೆಯನ್ನು ಗೌರವದಿಂದ ಮಾತಾಡಿಸಿ, ಕೂರಿಸಿ, ವಿಷಯ ತಿಳಿಸಬೇಕು, ಸರಿ. ಆದರೆ ಹದಿನೆಂಟು ತುಂಬಿದ ಸೊಸೆಯ ಸಹಿ ಸೊಸೆಯದೇ.

ಈಗ ಆಶಾ ಕಾರ್ಯಕರ್ತೆಯ ವಿಷಯ. ನಮ್ಮ ಜಿಲ್ಲೆಗಳಲ್ಲಿ ಪಾತ್ರಗಳ ಗೋಜಲು ಎದ್ದು ಕಾಣುವುದು ಇಲ್ಲೇ.

ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬ ಆಶಾ ಎಂಬುದು 2005ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಲೆಕ್ಕ. ಯಾರ ಮನೆಯಲ್ಲಿ ಬಸುರಿ ಇದ್ದಾಳೆ, ಯಾರು ಟಿಬಿ ಗುಳಿಗೆ ನಡುವೆ ಬಿಟ್ಟಿದ್ದಾರೆ, ಯಾರು ಗುಳೆ ಹೋಗಿದ್ದಾರೆ, ಎಲ್ಲ ಅವರ ಬಾಯಲ್ಲೇ ಇರುತ್ತದೆ. ಸಂಶೋಧಕರಿಗೆ ಇದಕ್ಕಿಂತ ಅನುಕೂಲ ಇನ್ನೇನಿದೆ! ಹಾಗಾಗಿ ಒಂದೇ ಅಧ್ಯಯನದಲ್ಲಿ ಆಶಾಕ್ಕ ಮನೆ ತೋರಿಸುತ್ತಾರೆ (ಗೇಟ್‌ಕೀಪರ್), ಹೆಂಗಸರನ್ನು ಒಪ್ಪಿಸಿ ಕರೆತರುತ್ತಾರೆ (ಸಮುದಾಯ ಪ್ರೇರಕಿ), ಪ್ರಶ್ನೆ ಕೇಳಿ ತುಂಬುತ್ತಾರೆ (ಕ್ಷೇತ್ರ ತನಿಖೆದಾರರು), ಕೊನೆಗೆ ‘ಆರೋಗ್ಯ ಕಾರ್ಯಕರ್ತೆಯರ ಅಭಿಪ್ರಾಯ’ ಎಂಬ ಭಾಗದಲ್ಲಿ ತಾವೇ ಉತ್ತರಿಸುತ್ತಾರೆ (ಭಾಗಿದಾರರು). ನಾಲ್ಕು ಟೋಪಿ, ಒಂದು ತಲೆ. ಮೆಡಿಕಲ್ ಆಫೀಸರ್ ಫೋನಿನಲ್ಲಿ “ಸ್ವಲ್ಪ ಸಹಕಾರ ಕೊಡ್ರಿ” ಅಂದಿರುವುದರಿಂದ ನಾಲ್ಕರಲ್ಲಿ ಒಂದಕ್ಕೂ ಅವರು ‘ಒಲ್ಲೆ’ ಅನ್ನುವ ಹಾಗಿಲ್ಲ.

ಕೆಡುವುದು ಎಲ್ಲಿ ಅಂತ ಒಂದೊಂದಾಗಿ ನೋಡಬೇಕು. ಆಶಾಕ್ಕ ಕರೆತಂದ ಹೆಂಗಸು ನಾಳೆ ಹೆರಿಗೆಗೆ ಅವರನ್ನೇ ಕರೆಯಬೇಕು. ‘ಒಲ್ಲೆ’ ಅಂದರೆ ಆ ನಂಟು ಕೆಡುತ್ತದೆಂಬ ಅಳುಕು ಇದ್ದೇ ಇರುತ್ತದೆ. “ಆಶಾ ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಸಲ ಬರುತ್ತಾರೆ?” ಎಂಬ ಪ್ರಶ್ನೆಯನ್ನು ಆಶಾ ಅವರೇ ಕೇಳಿದರೆ ಬರುವ ಉತ್ತರಕ್ಕೆ ಬೆಲೆ ಇಲ್ಲ. ಗರ್ಭಪಾತ, ಗಂಡನ ಹೊಡೆತ, ಬಿಳಿ ಸೆರಗು ಇಂಥ ವಿಷಯ ಊರಿನವರೇ ಆದ ಆಶಾ ಮುಂದೆ ಹೊರಬರುವುದಿಲ್ಲ. ಹೊರಬಂದರೆ ಅದು ಅವರ ಮೇಲೂ ಒಂದು ಹೊರೆ. ಇನ್ನು ಅವರು ಪಟ್ಟಿ ಮಾಡಿದ ಮನೆಗಳು ಸಾಮಾನ್ಯವಾಗಿ ಅವರು ಹೋಗಿಬರುವ ಮನೆಗಳೇ; ಹೋಗದ ಓಣಿ ಸ್ಯಾಂಪಲ್‌ನಿಂದಲೇ ಬಿದ್ದುಹೋಗುತ್ತದೆ.

ಪರಿಹಾರ ಅಷ್ಟೇನೂ ಕಷ್ಟವಲ್ಲ. ಆಶಾಗೆ ಒಂದೇ ಟೋಪಿ, ಹೆಚ್ಚೆಂದರೆ ಎರಡು. ಓಣಿ ತೋರಿಸಿ ಪರಿಚಯ ಮಾಡಿಸಲಿ, ಒಪ್ಪಿಗೆ ಕೇಳುವ ಹೊತ್ತಿಗೆ ಅಲ್ಲಿಂದ ಹೊರಡಲಿ. ಮನೆ ಪಟ್ಟಿಯನ್ನು ತಂಡವೇ ಓಣಿ ಓಣಿ ನಡೆದು ಬರೆಯಲಿ. ಅವರ ಸಮಯಕ್ಕೆ ಗೌರವಧನ ಎಷ್ಟು, ಯಾವತ್ತು, ಯಾವ ಖಾತೆಗೆ ಎಂಬುದು ಬರಹದಲ್ಲಿರಲಿ. ಕರೆತಂದ ತಲೆಗೆ ಇಂತಿಷ್ಟು ಎಂಬ ಲೆಕ್ಕ ಮಾತ್ರ ಬೇಡವೇ ಬೇಡ, ಅದು ಒತ್ತಾಯಕ್ಕೆ ಕೊಡುವ ಕಮಿಷನ್. ಅವರೇ ಭಾಗಿದಾರರಾಗುವ ಸಂದರ್ಶನವಿದ್ದರೆ ಅದು ಪಿಎಚ್‌ಸಿಯಲ್ಲಿ, ಮೆಡಿಕಲ್ ಆಫೀಸರ್ ಪಕ್ಕದ ಕೋಣೆಯಲ್ಲಿರುವಾಗ ಬೇಡ. ಅಂಗನವಾಡಿ ಕಾರ್ಯಕರ್ತೆಯರಿಗೂ ಈ ಮಾತೆಲ್ಲ ಅನ್ವಯ.

ಸಮುದಾಯ ಸಲಹಾ ಮಂಡಳಿ ಮತ್ತು ನೈತಿಕ ಸಮಿತಿ ಎರಡನ್ನೂ ಒಂದೇ ಅಂದುಕೊಳ್ಳುವವರಿದ್ದಾರೆ. ನೈತಿಕ ಸಮಿತಿ ಅಂದರೆ ಎಥಿಕ್ಸ್ ಕಮಿಟಿ, ಸಂಸ್ಥೆಯದು, ಮಂಜೂರಾತಿ ಕೊಡುವ ಅಧಿಕಾರ ಅದಕ್ಕೇ. ಐಸಿಎಂಆರ್ ಪ್ರಕಾರ ಅದರಲ್ಲಿ 7ರಿಂದ 15 ಜನ, ಅರ್ಧದಷ್ಟು ಜನ ಸಂಸ್ಥೆಯ ಹೊರಗಿನವರು, ಅಧ್ಯಕ್ಷರೂ ಹೊರಗಿನವರೇ. ಕನಿಷ್ಠ 5 ಜನ ಸೇರದೆ ತೀರ್ಮಾನವಿಲ್ಲ. ವೈದ್ಯರು, ಕಾನೂನು ಬಲ್ಲವರು, ಸಮಾಜ ವಿಜ್ಞಾನಿಗಳ ಜೊತೆಗೆ ‘ಸಾಮಾನ್ಯ ವ್ಯಕ್ತಿ’ ಅಂತ ಒಬ್ಬ ಸದಸ್ಯರು ಇರಬೇಕು. ಈ ಸಾಮಾನ್ಯ ವ್ಯಕ್ತಿಯ ಕೆಲಸವೇ ಎಲ್ಲಕ್ಕಿಂತ ಅಸಾಮಾನ್ಯ: ಕನ್ನಡದ ಒಪ್ಪಿಗೆ ಪತ್ರ ಓದಿ “ಇದು ನನಗೇ ತಿಳಿಯಲಿಲ್ಲ” ಅನ್ನುವುದು. ಹಾಗೆ ಅಂದದ್ದು ಸಭೆಯ ನಡಾವಳಿಯಲ್ಲಿ ದಾಖಲಾದರೆ ಪತ್ರ ತಿದ್ದಲೇಬೇಕು. ಸಲಹಾ ಮಂಡಳಿಗೆ ಆ ಅಧಿಕಾರವಿಲ್ಲ, ಅದು ಊರಿನದು. ಎಂಟು-ಹತ್ತು ಜನ ಸಾಕು. ಅರ್ಧಕ್ಕೆ ಕಡಿಮೆಯಿಲ್ಲದಂತೆ ಹೆಂಗಸರು, ಕೇರಿ ಮತ್ತು ತಾಂಡಾದಿಂದ ಒಬ್ಬೊಬ್ಬರಲ್ಲ, ಇಬ್ಬಿಬ್ಬರು. ಒಬ್ಬರೇ ಇದ್ದರೆ ಬಾಯಿ ಬಿಡುವುದಿಲ್ಲ. ಸಭೆಗೆ ಬಂದ ದಿನದ ಕೂಲಿ ಹೋಗುತ್ತದಲ್ಲ, ಅಷ್ಟನ್ನು ಅಂದೇ ಕೈಗೆ ಕೊಡಬೇಕು. ಪ್ರಶ್ನಾವಳಿ ಅಚ್ಚಾದ ಮೇಲೆ ಮಂಡಳಿ ಕರೆದರೆ ಚಹಾ ಕುಡಿದು ಹೋಗುತ್ತಾರೆ. ಕರಡು ಇರುವಾಗಲೇ ಕರೆದು, ‘ಈ ಪ್ರಶ್ನೆ ಬ್ಯಾಡ’ ಅಂದದ್ದನ್ನು ತೆಗೆಯಬೇಕು, ತೆಗೆಯಲಾಗದಿದ್ದರೆ ಯಾಕೆಂದು ಮುಂದಿನ ಸಭೆಯಲ್ಲಿ ಹೇಳಬೇಕು. ಅಷ್ಟು ಮಟ್ಟಿಗೆ ಅವರ ‘ಒಲ್ಲೆ’ಗೆ ತೂಕ ಇದೆ.

ಪ್ರಧಾನ ಸಂಶೋಧಕರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಏನೇ ಹೆಚ್ಚು ಕಡಿಮೆಯಾದರೂ ಹೊಣೆ ಅವರದೇ. ತಮ್ಮ ಹೊಣೆಯನ್ನು ದಿನಗೂಲಿಯ ಫೀಲ್ಡ್ ಹುಡುಗನ ಮೇಲೆ ಇಳಿಸುವಂತಿಲ್ಲ. ವಿದೇಶದ ಹಣ ಅಥವಾ ಸಹಯೋಗ ಇದ್ದರೆ ಕೇಂದ್ರದ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ದಾರಿಯನ್ನೂ ಲೆಕ್ಕಕ್ಕಿಟ್ಟುಕೊಳ್ಳಬೇಕು, ತಿಂಗಳುಗಳು ಹಿಡಿಯುತ್ತವೆ.

ಒಪ್ಪಿಗೆ ಎಂಬ ಪದಕ್ಕೆ ಬರೋಣ. ಕಾಗದದಲ್ಲಿ ‘ಮಾಹಿತಿಪೂರ್ಣ ಸಮ್ಮತಿ’ ಅಂತಿರುತ್ತದೆ. ಊರಲ್ಲಿ ಅದು ‘ಸಹಿ’. ಸಹಿ ಅಂದರೆ ಬ್ಯಾಂಕಿನ ಸಾಲ, ಹೊಲದ ಪಾಲು, ಕೋರ್ಟಿನ ನೋಟೀಸು, ಹೆದರಿಕೆ ಸಹಜ. ಅದಕ್ಕೆ ಮಾತು ಮೊದಲು, ಕಾಗದ ಆಮೇಲೆ. ಎರಡು ಪುಟ ಮೀರದ ಪತ್ರ, ದೊಡ್ಡ ಅಕ್ಷರ, ಓದಿ ವಿವರಿಸಲು ಇಪ್ಪತ್ತು ನಿಮಿಷ. ಯಾಕೆ ಬಂದಿದ್ದೇವೆ, ಏನು ಮಾಡುತ್ತೇವೆ, ಎಷ್ಟು ಹೊತ್ತು, ಏನು ತೊಂದರೆ ಆಗಬಹುದು, ತೊಂದರೆಯಾದರೆ ಯಾರ ಖರ್ಚು, ನಡುವೆ ಬಿಡಬಹುದೇ, ಯಾರಿಗೆ ಫೋನ್ ಮಾಡಬೇಕು, ಇಷ್ಟೂ ಅದರಲ್ಲಿರಬೇಕು. ‘5 ಮಿ.ಲೀ. ರಕ್ತ’ ಅಂದರೆ ಎಷ್ಟೋ ಬಾಟಲಿ ಅಂದುಕೊಳ್ಳುತ್ತಾರೆ. “ಒಂದು ಚಹಾ ಚಮಚದಷ್ಟು” ಅನ್ನಿ, ಖಾಲಿ ಟ್ಯೂಬನ್ನು ಕೈಗೆ ಕೊಟ್ಟು ತೋರಿಸಿ. ರಕ್ತ ಮಾರುತ್ತಾರೆಂಬ ಸುದ್ದಿ ಹಬ್ಬುವುದು ಟ್ಯೂಬನ್ನು ಚೀಲದಲ್ಲಿ ಮುಚ್ಚಿಟ್ಟುಕೊಂಡು ಓಡಾಡಿದಾಗ.

ಓದಿ ಮುಗಿಸಿ “ತಿಳೀತಲ್ರಿ?” ಅಂದರೆ ಎಲ್ಲರೂ “ಹೂಂ ರೀ” ಅನ್ನುತ್ತಾರೆ. ಅದರ ಬದಲು ಮೂರು ಪ್ರಶ್ನೆ ತಿರುಗಿ ಕೇಳಬೇಕು: “ನಾವು ಯಾಕ ಬಂದೀವಿ ಅಂತ ನಿಮ್ಮ ಮಾತಿನ್ಯಾಗ ಹೇಳ್ರಿ. ನಿಮ್ಮಿಂದ ಏನು ತಗೋತೀವಿ? ನೀವು ಒಲ್ಲೆ ಅಂದ್ರ ಏನಾಗ್ತದ?” ಎಡವುವುದು ಮೂರನೆಯದರಲ್ಲಿ. “ದವಾಖಾನ್ಯಾಗ ಗುಳಿಗಿ ಕೊಡಂಗಿಲ್ಲ” ಅಂತ ಉತ್ತರ ಬಂದರೆ ಮತ್ತೆ ಮೊದಲಿಂದ ಶುರು. ಓದಲು ಬಾರದವರು ಹೆಬ್ಬೆಟ್ಟು ಒತ್ತುವಾಗ ಓದುಬರಹ ಬಲ್ಲ, ತಂಡಕ್ಕೆ ಸೇರದ ಸಾಕ್ಷಿ ಒಬ್ಬರು ಇರಬೇಕು, ಕೊನೆಗೆ ಬಂದು ಸಹಿ ಹಾಕಿದರೆ ಸಾಲದು, ಮಾತುಕತೆ ಪೂರ್ತಿ ಕೇಳಿರಬೇಕು. ಫೀಲ್ಡ್‌ನವರ ಗೆಳೆಯ ಸಾಕ್ಷಿಯಾಗುವುದು ಸಲ್ಲದು. ಮಕ್ಕಳಾದರೆ ತಂದೆತಾಯಿಯ ಒಪ್ಪಿಗೆಯ ಜೊತೆ 7ರಿಂದ 12 ವರ್ಷದವರಿಗೆ ಬಾಯಿಮಾತಿನ, 12ರಿಂದ 18ರವರಿಗೆ ಬರಹದ ಸಮ್ಮತಿ ಬೇರೆಯಾಗಿ ಬೇಕು.

ನಮ್ಮ ಕಡೆಯ ಜನ ಮನೆಗೆ ಬಂದವರ ಮುಖಕ್ಕೆ ‘ಒಲ್ಲೆ’ ಅನ್ನುವುದಿಲ್ಲ, ಇದನ್ನು ಹೊರಗಿನಿಂದ ಬಂದ ತಂಡಗಳಿಗೆ ಕಲಿಸಬೇಕಾಗುತ್ತದೆ. “ನಾಳೆ ಬರ್ರಿ” ಅನ್ನುತ್ತಾರೆ. “ಮನ್ಯಾವರು ಬರ್ಲಿ, ಕೇಳಿ ಹೇಳ್ತೀನಿ” ಅನ್ನುತ್ತಾರೆ. “ನಮಗೇನ್ ತಿಳೀತದ್ರಿ, ನೀವ ಬರಕೋರಿ” ಎಂಬುದೂ ಒಪ್ಪಿಗೆ ಅಲ್ಲ. ಎರಡನೇ ಸಲವೂ ‘ನಾಳೆ ಬರ್ರಿ’ ಬಂದರೆ ರಿಜಿಸ್ಟರಿನಲ್ಲಿ ‘ನಿರಾಕರಣೆ’ ಅಂತ ಬರೆದು ಕೈಮುಗಿದು ಬರುವುದು ಮರ್ಯಾದೆ. ‘ಮನೆಯಲ್ಲಿ ಇರಲಿಲ್ಲ’ ಅಂತ ಬರೆದರೆ ಎರಡು ತಪ್ಪು: ನಿರಾಕರಣೆಯ ಲೆಕ್ಕ ಸುಳ್ಳಾಗುತ್ತದೆ, ಮೂರನೇ ಸಲ ಮತ್ತೊಬ್ಬರು ಬಾಗಿಲು ತಟ್ಟುತ್ತಾರೆ.

ಅನುವಾದದಲ್ಲಿ ಒಂದು ಬಲೆ ಇದೆ. ಇಂಗ್ಲಿಷಿನಿಂದ ಕನ್ನಡಕ್ಕೆ ಒಬ್ಬರು, ಕನ್ನಡದಿಂದ ಮತ್ತೆ ಇಂಗ್ಲಿಷಿಗೆ ಇನ್ನೊಬ್ಬರು ತಿರುಗಿಸಿ ತಾಳೆ ನೋಡುವುದು ರೂಢಿ. ಆದರೆ ‘ಯಾದೃಚ್ಛಿಕ’ ಅಂತ ಬರೆದರೆ ಅದು ತಪ್ಪದೆ ‘ರ‍್ಯಾಂಡಮ್’ ಆಗಿ ಮರಳುತ್ತದೆ, ತಾಳೆ ಸರಿಯಾಗುತ್ತದೆ, ಮಾನ್ವಿಯ ಓಣಿಯಲ್ಲಿ ಮಾತ್ರ ಒಬ್ಬರಿಗೂ ತಿಳಿಯುವುದಿಲ್ಲ. ಪದ ಎಷ್ಟು ನಿಘಂಟಿನದೋ ತಾಳೆ ಅಷ್ಟು ಚೆನ್ನ! ‘ಚೀಟಿ ಎತ್ತಿ ಆರಿಸ್ತೀವಿ’ ಅಂದರೆ ಎಲ್ಲರಿಗೂ ಗೊತ್ತು. ‘ನಿಯಂತ್ರಿತ ಗುಂಪು’ ಪೊಲೀಸರ ನೆನಪು ತರುತ್ತದೆ, ‘ಹೋಲಿಕೆ ಗುಂಪು’ ಸಾಕು. ‘ಪ್ರಯೋಗ’ ಅಂದರೆ “ನಮ್ಮ ಮ್ಯಾಲ ಮಾಡ್ತೀರೇನು?” ‘ಖಿನ್ನತೆ’ ಬದಲು ‘ಮನಸಿಗೆ ಬ್ಯಾಸರ’, ‘ಚಿಂತಿ ಹತ್ತೋದು’ ಅನ್ನಬಹುದು, ಅವು ಪೂರ್ತಿ ಒಂದೇ ಅಲ್ಲ, ಅದಕ್ಕೇ ಪ್ರತಿ ಪದವನ್ನೂ ಅಂಗಳದಲ್ಲಿ ಎಂಟು-ಹತ್ತು ಜನರ ಮುಂದೆ ಇಟ್ಟು, ಕೇಳಿದ್ದೇನು, ಅವರಿಗೆ ತಿಳಿದದ್ದೇನು ಅಂತ ಬರೆದುಕೊಳ್ಳಬೇಕು. ರಾಯಚೂರು ನಗರದ ಕೆಲವು ಓಣಿಗಳಿಗೆ ದಖ್ಖನಿ ಉರ್ದು, ತಾಂಡಾಗಳಿಗೆ ಲಂಬಾಣಿ ಬೇಕೇ ಬೇಕು. ಲಂಬಾಣಿ ಬಲ್ಲ ಹುಡುಗಿಯೊಬ್ಬಳು ಸ್ಥಳದಲ್ಲೇ ಬಾಯಲ್ಲಿ ಅನುವಾದಿಸಿಕೊಂಡು ಕೇಳಿದರೆ ಹತ್ತು ಮನೆಗೆ ಹತ್ತು ಪ್ರಶ್ನೆ ಆಗುತ್ತದೆ. ಕನ್ನಡ ಲಿಪಿಯಲ್ಲೇ ಲಂಬಾಣಿ ವಾಕ್ಯ ಬರೆದಿಟ್ಟುಕೊಂಡು ಹೋಗಬೇಕು.

ಗುಳಿಗೆ ಯಾರಿಗೆ, ಹೋಲಿಕೆ ಗುಂಪಿಗೆ ಯಾರು ಅಂತ ಚೀಟಿ ಎತ್ತುವುದು ಮನೆಮನೆಗಲ್ಲ, ಊರೂರಿಗೆ ಎಂಬ ವಿಧಾನ ಸಮುದಾಯ ಅಧ್ಯಯನದಲ್ಲಿ ಹೆಚ್ಚು. ಒಂದೇ ಓಣಿಯಲ್ಲಿ ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಕೊಡದಿದ್ದರೆ ಗುಳಿಗೆ ಹಂಚಿಕೊಂಡು ತಿನ್ನುತ್ತಾರೆ, ಜಗಳವೂ ಆಗುತ್ತದೆ. ಆದರೆ ಒಂದೇ ಊರಿನವರು ಒಂದೇ ನೀರು, ಒಂದೇ ಅಕ್ಕಿ, ಒಂದೇ ಪಿಎಚ್‌ಸಿ ಹಂಚಿಕೊಳ್ಳುವುದರಿಂದ ಇಪ್ಪತ್ತು ಜನ ಇಪ್ಪತ್ತು ಬೇರೆ ಬೇರೆ ಮಾಹಿತಿ ಕೊಟ್ಟಂತೆ ಆಗುವುದಿಲ್ಲ. ಅದಕ್ಕೆ ಸ್ಯಾಂಪಲ್ ಹಿಗ್ಗಿಸುವ ಸೂತ್ರ: 1 + (ಊರಿಗೆ ಜನ − 1) × ಒಳಸಾಮ್ಯ. ಒಳಸಾಮ್ಯ ಅಂದರೆ ಒಂದೇ ಊರಿನವರು ಒಬ್ಬರನ್ನೊಬ್ಬರು ಎಷ್ಟು ಹೋಲುತ್ತಾರೆ ಎಂಬ ಅಳತೆ. ಊರಿಗೆ 20 ಜನ, ಒಳಸಾಮ್ಯ 0.05 ಆದರೆ 1 + 19 × 0.05 = 1.95. ಸರಳ ಲೆಕ್ಕದಲ್ಲಿ 400 ಜನ ಸಾಕಾಗಿದ್ದರೆ ಇಲ್ಲಿ 780. ಇದರ ಮೇಲೆ ಗುಳೆಯ ಪಾಲು. ಐವರಲ್ಲಿ ಒಬ್ಬರು ಕೈತಪ್ಪುತ್ತಾರೆಂದು ಹಿಡಿದರೆ 780ನ್ನು 0.8ರಿಂದ ಭಾಗಿಸಿ, 975. ಪಠ್ಯದಲ್ಲಿ ‘ಹಿಂಬಾಲಿಕೆಯಿಂದ ಕಳೆದುಹೋದವರು’ ಅನ್ನುತ್ತಾರೆ. ಅವರು ಕಳೆದುಹೋಗಿಲ್ಲ, ಬೆಂಗಳೂರಿನ ಯಾವುದೋ ಕಟ್ಟಡದ ಕೆಳಗಿನ ಶೆಡ್‌ನಲ್ಲಿದ್ದಾರೆ.

ತುಂಗಭದ್ರಾ ಎಡದಂಡೆ ಕಾಲುವೆಗೆ ಎರಡನೇ ಬೆಳೆಗೆ ನೀರು ಬಿಟ್ಟ ವರ್ಷ ಭತ್ತದ ಸೀಮೆಯ ಕೂಲಿಯವರು ಊರಲ್ಲಿ ಸಿಗುತ್ತಾರೆ, ಬಿಡದ ವರ್ಷ ಇಲ್ಲ. ಮಳೆ ನಂಬಿದ ಕುಷ್ಟಗಿ, ದೇವದುರ್ಗದ ಕಡೆ ಸುಗ್ಗಿ ಮುಗಿಯುತ್ತಿದ್ದಂತೆ ಗಂಟು ಕಟ್ಟುತ್ತಾರೆ. ಹಬ್ಬಗಳೂ ಲೆಕ್ಕದಲ್ಲಿರಬೇಕು. ಎಳ್ಳಮಾವಾಸ್ಯೆ ದಿನ ಊರೆಲ್ಲ ಹೊಲದಲ್ಲಿ. ಅಲಾಯಿ ಹಬ್ಬದ (ಮೊಹರಂ) ದಿನಗಳಲ್ಲಿ ಗುಳೆ ಹೋದವರೂ ಮರಳುವುದರಿಂದ ಎರಡನೇ ಸುತ್ತಿನ ಭೇಟಿಗೆ ಒಳ್ಳೆಯ ಹೊತ್ತು, ಕೆಂಡ ಹಾಯುವ ರಾತ್ರಿಯೊಂದನ್ನು ಬಿಟ್ಟು. ಮೊದಲ ಭೇಟಿಯಲ್ಲೇ ಎರಡು ಫೋನ್ ನಂಬರ್, ಊರಲ್ಲೇ ಉಳಿಯುವ ಒಬ್ಬ ಹಿರಿಯರ ಹೆಸರು ಬರೆದುಕೊಂಡಿರಬೇಕು, ಅದಕ್ಕೂ ಒಪ್ಪಿಗೆ ಕೇಳಿಯೇ.

‘ಗೌಪ್ಯ’ ಮತ್ತು ‘ಅನಾಮಿಕ’ ಬೇರೆ ಬೇರೆ. ಹೆಸರು ನಮಗೆ ಗೊತ್ತು, ಹೊರಗೆ ಹೇಳುವುದಿಲ್ಲ, ಇದು ಗೌಪ್ಯ. ಹೆಸರು ನಮಗೂ ಗೊತ್ತಿಲ್ಲ, ಇದು ಅನಾಮಿಕ. ಹೆಸರು ತೆಗೆದು ‘45 ವರ್ಷದ ಅಂಗನವಾಡಿ ಕಾರ್ಯಕರ್ತೆ, ಇಂಥ ಊರು’ ಅಂತ ವರದಿಯಲ್ಲಿ ಬರೆದರೆ ಎರಡೂ ಅಲ್ಲ. ಆ ಊರಲ್ಲಿ ಅಂಥವರು ಇರುವುದೇ ಒಬ್ಬರು. ನಿಜವಾದ ಅನಾಮಿಕತೆಗೆ ಒಳ್ಳೆಯ ಮಾದರಿ ಕರ್ನಾಟಕದಲ್ಲೇ ಬಳಕೆಯಾಗಿದೆ. 2003ರಲ್ಲಿ ಶುರುವಾದ ‘ಆವಾಹನ್’ ಎಚ್‌ಐವಿ ತಡೆ ಕಾರ್ಯಕ್ರಮದ ಮೌಲ್ಯಮಾಪನದಲ್ಲಿ ‘ಮತಗಟ್ಟೆ ಸಮೀಕ್ಷೆ’ ಎಂಬುದನ್ನು ನಡೆಸಿದರು. ಹತ್ತು-ಹನ್ನೆರಡು ಜನ ಒಂದೇ ಕೋಣೆಯಲ್ಲಿ, ನಡುವೆ ಮರೆ. ಒಬ್ಬೊಬ್ಬರಿಗೂ ಪ್ರಶ್ನೆಯ ಸಂಖ್ಯೆ ಇರುವ ಚೀಟಿಗಳ ಕಟ್ಟು, ಬೇರೆ ಬೇರೆ ಬಣ್ಣದ ಡಬ್ಬಿಗಳು: ಹೌದು, ಇಲ್ಲ, ನನಗೆ ಅನ್ವಯಿಸದು. ಪ್ರಶ್ನೆಯನ್ನು ಗಟ್ಟಿಯಾಗಿ ಒಮ್ಮೆ ಓದುತ್ತಾರೆ, ಎಲ್ಲರೂ ತಮ್ಮ ಚೀಟಿ ಹಾಕುತ್ತಾರೆ, ಕೊನೆಗೆ ಡಬ್ಬಿಗಳನ್ನು ಒಟ್ಟು ಸೇರಿಸಿ ಎಣಿಕೆ. ಓದು ಬಾರದವರಿಗೂ ಮತ ಹಾಕುವುದು ಗೊತ್ತು, ಅದೇ ಇದರ ಚೆಲುವು. ಎದುರುಬದುರು ಕೂತು ಕೇಳಿದರೆ ಬಾಯಿಗೆ ಬಾರದ ಎಷ್ಟೋ ಉತ್ತರ ಡಬ್ಬಿಗೆ ಬೀಳುತ್ತವೆ. ಕೊರತೆಯೂ ಇದೆ: ಮೂರನೇ ಪ್ರಶ್ನೆಗೆ ಹೌದು ಅಂದವರು ಐದನೆಯದಕ್ಕೆ ಏನಂದರು ಅಂತ ಜೋಡಿಸಿ ನೋಡಲು ಬರುವುದಿಲ್ಲ. ಹಾಗೆ ನೋಡಲೇಬೇಕಾದ ಅಧ್ಯಯನಕ್ಕೆ ಇದು ಒಗ್ಗದು.

ಫಲಿತಾಂಶ ಮರಳಿಸುವುದನ್ನು ಕೊನೆಯ ತಿಂಗಳಿಗೆ ಬಿಡುತ್ತಾರೆ, ಅದು ಮೊದಲ ದಿನವೇ ಗೊತ್ತಾಗಿರಬೇಕಾದದ್ದು. ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡುವ ಅಧ್ಯಯನದಲ್ಲಿ ಒಬ್ಬ ಹೆಂಗಸಿಗೆ 6.5 (ಡೆಸಿಲೀಟರ್ ರಕ್ತಕ್ಕೆ ಗ್ರಾಂ ಲೆಕ್ಕ) ಬಂತು ಅನ್ನಿ. ಗರ್ಭಿಣಿಯರಿಗೆ 7ಕ್ಕಿಂತ ಕಡಿಮೆ, ಉಳಿದ ಹೆಂಗಸರಿಗೆ 8ಕ್ಕಿಂತ ಕಡಿಮೆ ಇದ್ದರೆ ಅದು ತೀವ್ರ ರಕ್ತಹೀನತೆ. ಅವತ್ತೇ ಯಾವ ಆಸ್ಪತ್ರೆಗೆ, ಯಾವ ಗಾಡಿಯಲ್ಲಿ, ಯಾರ ಜೊತೆ ಎಂಬುದು ತಂಡದ ಜೇಬಿನಲ್ಲಿ ಬರೆದಿಟ್ಟಿರಬೇಕು. ಚೀಟಿ ಬರೆದು ಕೈಗೆ ಕೊಟ್ಟು ಹೋದರೆ ಆ ಚೀಟಿ ಗೋಡೆಯ ಗೂಡಿನಲ್ಲಿ ಉಳಿಯುತ್ತದೆ. ನೀರಿನ ವಿಷಯ ಇನ್ನೂ ನಾಜೂಕು. ಒಂದು ಬೋರ್‌ನಲ್ಲಿ ಫ್ಲೋರೈಡ್ 3 ಮಿಲಿಗ್ರಾಂ ಅಂತ ಗೊತ್ತಾದ ಕೂಡಲೇ ಅದಕ್ಕೆ ಕೆಂಪು ಬಣ್ಣ ಬಳಿದು ಹೋದರೆ ಆ ಓಣಿಯ ಹೆಂಗಸರು ಅರ್ಧ ಕಿಲೋಮೀಟರ್ ಹೆಚ್ಚು ನಡೆಯಬೇಕಾಗುತ್ತದೆ, ಇಲ್ಲವೆ ಮೇಲಿನ ಓಣಿಯ ಬೋರ್ ಮುಂದೆ ನಿಂತು ಮಾತು ಕೇಳಬೇಕಾಗುತ್ತದೆ. ಸಂಶೋಧನೆಯಿಂದ ಆದ ಹಾನಿ ಎಂಬ ಕಾಲಮ್ಮಿನಲ್ಲಿ ಇದನ್ನು ಯಾರೂ ಬರೆಯುವುದಿಲ್ಲ, ಬರೆಯಬೇಕು. ಪಿಡಿಒ ಮತ್ತು ನೀರು ಸರಬರಾಜು ಇಲಾಖೆಯ ಜೊತೆ ಪರ್ಯಾಯ ಏನು ಅಂತ ಮಾತಾಡಿಕೊಂಡೇ ಊರಿಗೆ ಹೇಳಬೇಕು. ಹೇಳುವಾಗ ಪಂಚಾಯ್ತಿ ಗೋಡೆಗೆ ಹಾಳೆ ಅಂಟಿಸಿದರೆ ಕೇರಿಗೂ ತಾಂಡಾಕ್ಕೂ ಮುಟ್ಟುವುದಿಲ್ಲ, ಮೊದಲ ದಿನ ಬರೆದ ಕೈನಕ್ಷೆಯಲ್ಲಿ ಎಷ್ಟು ಗುಂಪಿದ್ದವೋ ಅಷ್ಟು ಸಭೆ ಆಗಬೇಕು.

ಒಪ್ಪಿದ ಮೇಲೆ ಹಿಂದೆ ಸರಿಯುವುದಕ್ಕೂ ಒಂದು ಕಾಗದ ಬೇಕು. ಬಹಳಷ್ಟು ತಂಡಗಳ ಬಳಿ ಅದು ಇರುವುದಿಲ್ಲ. ಮೂರು ಚೌಕದ ಅರ್ಧ ಹಾಳೆ ಸಾಕು: ಇನ್ನು ಮನೆಗೆ ಬರಬೇಡಿ, ಫೋನಿನಲ್ಲಿ ಕೇಳಿ; ಬರಬೇಡಿ, ಫೋನೂ ಬೇಡ, ಆದರೆ ಇಲ್ಲಿಯವರೆಗೆ ಬರೆದುಕೊಂಡದ್ದನ್ನು ಬಳಸಿಕೊಳ್ಳಿ; ಬರಬೇಡಿ, ಬರೆದುಕೊಂಡದ್ದನ್ನೂ ಇಟ್ಟುಕೊಂಡ ರಕ್ತವನ್ನೂ ತೆಗೆದುಹಾಕಿ. ಬೆಂಗಳೂರಿನಿಂದ ಫೋನ್ ಮಾಡಿ “ಅಕ್ಕಾರ, ನಮ್ಮ ಹೆಸರು ತಗದ್ಬಿಡ್ರಿ” ಅಂದರೆ ಕಾರಣ ಕೇಳದೆ ಈ ಮೂರನ್ನು ಓದಿ ಹೇಳಿ, ಅವರು ಆರಿಸಿದ್ದಕ್ಕೆ ಗುರುತು ಹಾಕಿ, ದಿನಾಂಕ, ಹೊತ್ತು ಬರೆದು, ಡೇಟಾ ನೋಡಿಕೊಳ್ಳುವವರಿಗೆ ಅವತ್ತೇ ಮುಟ್ಟಿಸಬೇಕು. ಮೂರನೆಯದನ್ನು ಆರಿಸಿದವರ ಟ್ಯೂಬ್ ಹುಡುಕಲು ಸಂಕೇತ ಸಂಖ್ಯೆ ಬೇಕು, ಸಂಕೇತ ಸಂಖ್ಯೆಗೆ ಹೆಸರಿನ ಪಟ್ಟಿ ಬೇಕು. ಆ ಪಟ್ಟಿ ಪ್ರಶ್ನಾವಳಿಗಳ ಜೊತೆಯಲ್ಲಲ್ಲ, ಬೇರೆ ಕಪಾಟಿನಲ್ಲಿ, ಬೇರೆ ಬೀಗದ ಒಳಗೆ ಇರಬೇಕು.